ಅಮೆರಿಕದಲ್ಲಿ ವಿದ್ಯಾಸಾಲ ಬಾಕಿ ಇದ್ದರೆ ತೆರಿಗೆ ರೀಫಂಡ್ ಹಿಡಿದುಕೊಳ್ಳುತ್ತಾರಾ?

ಫೆಡರಲ್ ಸಾಲವಾದರೆ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಸಾಲವಾದರೆ ಹಿಡಿಯಬಹುದು, ಅದೂ ಪೂರ್ತಿ ರೀಫಂಡನ್ನೇ. ಆದರೆ ಒಂದೆರಡು ಕಂತು ತಪ್ಪಿದ ಮಾತ್ರಕ್ಕಲ್ಲ. ಸಾಮಾನ್ಯವಾಗಿ 270 ದಿನ ಕಟ್ಟದೆ ಸಾಲ 'ಡಿಫಾಲ್ಟ್' ಆದ ಮೇಲೆ ಶಿಕ್ಷಣ ಇಲಾಖೆ ಅದನ್ನು ಖಜಾನೆ ಇಲಾಖೆಯ ಆಫ್‌ಸೆಟ್ ಪಟ್ಟಿಗೆ (ರೀಫಂಡನ್ನು ಬಾಕಿಗೆ ಮುರಿದುಕೊಳ್ಳಬೇಕಾದವರ ಪಟ್ಟಿ) ಸೇರಿಸುತ್ತದೆ. ಇದಕ್ಕೆ ಕೋರ್ಟ್ ಆದೇಶ ಬೇಕಿಲ್ಲ. ಹಳೇ ಸಾಲ ಅಂತ ಕಾಲಮಿತಿಯ ರಕ್ಷಣೆಯೂ ಇಲ್ಲ.

ಮೊದಲು ಒಂದು ನೋಟಿಸ್ ಬರುತ್ತದೆ. ಆಕ್ಷೇಪಣೆ ಸಲ್ಲಿಸಲು 65 ದಿನ ಇರುತ್ತದೆ. ಬಹಳ ಜನ ಎಡವುವುದು ಇಲ್ಲೇ: ಮನೆ ಬದಲಿಸಿ ವಿಳಾಸ ತಿಳಿಸಿರುವುದಿಲ್ಲ, ನೋಟಿಸ್ ಹಳೇ ಮನೆಗೆ ಹೋಗಿರುತ್ತದೆ.

ಡಿಫಾಲ್ಟ್‌ನಿಂದ ಹೊರಬರಲು ರಿಹ್ಯಾಬಿಲಿಟೇಶನ್ ಒಂದು ದಾರಿ: ಸತತ 10 ತಿಂಗಳಲ್ಲಿ 9 ಕಂತುಗಳನ್ನು ಸಮಯಕ್ಕೆ ಕಟ್ಟಬೇಕು. ಜನವರಿಯಲ್ಲಿ ಶುರು ಮಾಡಿದರೆ ಆ ವರ್ಷದ ರೀಫಂಡ್ ಉಳಿಯುವುದು ಕಷ್ಟ. ಕನ್ಸಾಲಿಡೇಶನ್, ಅಂದರೆ ಹಳೇ ಸಾಲವನ್ನು ಹೊಸದೊಂದು ಸಾಲವಾಗಿ ಬದಲಿಸಿಕೊಳ್ಳುವುದು, ಇದಕ್ಕಿಂತ ಬೇಗ ಮುಗಿಯುತ್ತದೆ.

ಗಂಡ-ಹೆಂಡತಿ ಜಂಟಿಯಾಗಿ ರಿಟರ್ನ್ ಸಲ್ಲಿಸಿ, ಸಾಲ ಒಬ್ಬರದೇ ಆಗಿದ್ದರೆ ಇನ್ನೊಬ್ಬರು ಫಾರ್ಮ್ 8379 ತುಂಬಿ ತಮ್ಮ ಪಾಲು ಕೇಳಬಹುದು. ರಿಟರ್ನ್ ಜೊತೆಗೇ ಇ-ಫೈಲ್ ಮಾಡಿದರೆ ಸುಮಾರು 11 ವಾರ, ಕಾಗದದಲ್ಲಾದರೆ 14 ವಾರ ಹಿಡಿಯುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ದಂಪತಿಯ ಆಸ್ತಿ ಜಂಟಿ ಎನ್ನುವ ಕಾನೂನಿರುವುದರಿಂದ ಪಾಲಿನ ಲೆಕ್ಕ ಬೇರೆ.

ಖಾಸಗಿ ಬ್ಯಾಂಕುಗಳಿಗೆ ಫೆಡರಲ್ ರೀಫಂಡ್ ಮುಟ್ಟುವ ಅಧಿಕಾರವಿಲ್ಲ. ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಹೋದವರಿಗೆ ಫೆಡರಲ್ ಸಾಲ ಸಿಗುವುದೇ ಇಲ್ಲ. ಊರಿನ ಬ್ಯಾಂಕಿನಲ್ಲಿ ಅಪ್ಪನ ಜಾಮೀನಿನ ಮೇಲೆ ತೆಗೆದ ಸಾಲಕ್ಕೂ ಅಲ್ಲಿನ ರೀಫಂಡಿಗೂ ಸಂಬಂಧವಿಲ್ಲ. ಬ್ಯಾಂಕ್ ಹಿಡಿಯುವುದು ಅಪ್ಪನನ್ನು.