ಸಾಹೇಬರು ಯಾಕೆ ಹೊರಗೇ ನಿಲ್ಲುತ್ತಾರೆ?

ಪ್ರಶ್ನೆ: ನಮ್ಮೂರ ಹತ್ತಿ ಗೋದಾಮಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ಠಾಣಾಧಿಕಾರಿ ವಾಕಿಟಾಕಿ ಹಿಡಿದು ಹೊರಗೇ ನಿಂತಿದ್ದರು. ಒಳಗೆ ಹೋದವರು ಅವರ ಹುಡುಗರು. ಮುಂದಾಳು ಅಂದಮೇಲೆ ಮುಂದೆ ಹೋಗಬೇಡವೇ?

ಇದೇ ಪ್ರಶ್ನೆ ಎಷ್ಟು ಸಲ ಬಂತೋ, ಜೊತೆಗೆ ಮೊಬೈಲಿನಲ್ಲಿ ತೆಗೆದ ಫೋಟೊ ಬೇರೆ. ಸಾಹೇಬರು ಪೈಪು ಹಿಡಿದು ನುಗ್ಗಿದ್ದರೆ ನಿಮ್ಮ ಫೋಟೊ ಚೆನ್ನಾಗಿ ಬರುತ್ತಿತ್ತು. ಒಳಗಿದ್ದವರ ಲೆಕ್ಕ ಇಡಲು ಮಾತ್ರ ಯಾರೂ ಇರುತ್ತಿರಲಿಲ್ಲ.

ಲೆಕ್ಕ ಅಂದೆನಲ್ಲ, ಅದನ್ನೇ ನೋಡಿ. ಒಳಗೆ ಹೋಗುವವನು ಬೆನ್ನಿಗೆ ಹೊರುವ ಉಸಿರಾಟದ ಸಾಧನ, ಅಂದರೆ ಬಿ.ಎ. ಸೆಟ್ಟಿನ ಸಿಲಿಂಡರು 6 ಲೀಟರಿನದು, ಪೂರ್ತಿ ತುಂಬಿದರೆ ಗಾಳಿಯ ಒತ್ತಡ 300 ಬಾರ್. ಅಂದರೆ 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಎಂದು ಹಿಡಿದರೆ 45 ನಿಮಿಷ. ಇದು ಕಾಗದದ ಮೇಲಿನ ಮಾತು. ನೀರು ತುಂಬಿದ ಹೋಸ್ ಎಳೆಯುತ್ತಾ ಮೆಟ್ಟಿಲು ಹತ್ತುವವನು 60 ಲೀಟರ್ ಗಾಳಿ ಸುಲಭವಾಗಿ ಎಳೆಯುತ್ತಾನೆ, ಅವನಿಗೆ ಅರ್ಧ ಗಂಟೆಯೇ ಗಟ್ಟಿ. ಗಾಳಿ ಕಡಿಮೆಯಾದಾಗ ಕೂಗುವ ಸಿಳ್ಳೆ ಇದೆಯಲ್ಲ ಅನ್ನುತ್ತೀರಿ. ಅದು ಕೂಗುವುದು ಸುಮಾರು 55 ಬಾರ್‌ಗೆ. ಆಗ ಉಳಿದಿರುವುದು 330 ಲೀಟರ್, ಏದುಸಿರು ಬಿಡುವವನಿಗೆ ಐದೂವರೆ ನಿಮಿಷ. ಸಿಳ್ಳೆ ಕೇಳಿದ ಮೇಲೆ ಹೊರಡುವುದಲ್ಲ, ಸಿಳ್ಳೆ ಕೂಗುವ ಹೊತ್ತಿಗೆ ಹೊರಗಿರಬೇಕು. ಹಳಬರೂ ಇದನ್ನು ಮರೆಯುತ್ತಾರೆ.

ಆದ್ದರಿಂದ ಬಾಗಿಲಲ್ಲಿ ಒಬ್ಬ ಬೋರ್ಡು ಹಿಡಿದು ನಿಲ್ಲಬೇಕು. ಒಳಗೆ ಹೋಗುವ ಪ್ರತಿಯೊಬ್ಬನೂ ತನ್ನ ಬಿಲ್ಲೆ ಕೊಟ್ಟು ಹೋಗಬೇಕು. ಅದರಲ್ಲಿ ಹೆಸರು, ಬಾರ್, ಒಳಹೊಕ್ಕ ಸಮಯ. ಇಬ್ಬರಿಗಿಂತ ಕಡಿಮೆ ಹೋಗುವಂತಿಲ್ಲ, ಹೋದವರು ಬಿಡಿಬಿಡಿಯಾಗಿ ಬರುವಂತಿಲ್ಲ. ಇಬ್ಬರಲ್ಲಿ ಯಾರ ಗೇಜಿನಲ್ಲಿ ಒತ್ತಡ ಕಡಿಮೆಯೋ ಅವನದ್ದೇ ಇಬ್ಬರಿಗೂ ಲೆಕ್ಕ. ಅವನು 10.05ಕ್ಕೆ 280 ಬಾರ್‌ನಲ್ಲಿ ಹೋದ ಎನ್ನಿ. 280ನ್ನು 6ರಿಂದ ಗುಣಿಸಿ 40ರಿಂದ ಭಾಗಿಸಿದರೆ 42 ನಿಮಿಷ. ಸುರಕ್ಷತೆಗೆಂದು 10 ಕಳೆದರೆ 32. ಬೋರ್ಡಿನ ಮೇಲೆ 10.37 ಎಂದು ಬರೆಯುತ್ತಾರೆ. 10.37 ಆಯಿತು, ಬಿಲ್ಲೆ ತೆಗೆದುಕೊಳ್ಳಲು ಯಾರೂ ಬರಲಿಲ್ಲ ಎಂದರೆ ಕಾಯುತ್ತಾ ಕೂರುವುದಲ್ಲ, ಸೆಟ್ಟು ಹಾಕಿಕೊಂಡು ಸಿದ್ಧವಾಗಿ ನಿಂತ ಇನ್ನಿಬ್ಬರು ತಕ್ಷಣ ಒಳಗೆ. ಆ ಇಬ್ಬರನ್ನು ಹೋಸ್ ಎಳೆಯಲೋ ಜನ ಚದುರಿಸಲೋ ಕಳಿಸಿದ ಅಧಿಕಾರಿಗೆ ಕ್ಷಮೆಯಿಲ್ಲ.

ಒಳಗಿನವನೂ ತನ್ನ ಲೆಕ್ಕ ಇಟ್ಟುಕೊಳ್ಳಬೇಕು. 280ರಲ್ಲಿ ಕೊನೆಗೆ ಉಳಿಯಬೇಕಾದ 60 ತೆಗೆದರೆ 220, ಅದರರ್ಧ 110. ಗೇಜು 170ಕ್ಕೆ ಇಳಿಯಿತೋ, ತಿರುಗಿ ಹೆಜ್ಜೆ ಹಾಕಬೇಕು, ಎದುರಿಗೇ ಬೆಂಕಿ ಕಾಣುತ್ತಿದ್ದರೂ ಸರಿ. ಹೊಗೆಯಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ, ದಾರಿ ತೋರಿಸುವುದು ಹೋಸ್. ಕೈಗವಸಿನಲ್ಲೇ ಹೋಸಿನ ಜೋಡಣೆ ತಡವಿದರೆ, ಎರಡು ಕಿವಿಗಳಿರುವ ಹೆಣ್ಣು ಕಪ್ಲಿಂಗ್ (ಇನ್ನೊಂದು ಹೋಸಿನ ತುದಿ ಒಳಸೇರುವ ಬಾಯಿ) ಯಾವ ಕಡೆಗಿದೆಯೋ ಪಂಪು ಆ ಕಡೆ, ಬಾಗಿಲೂ ಆ ಕಡೆ. ಇದು ಬೆರಳಿಗೆ ಅಭ್ಯಾಸವಾಗಿರಬೇಕು.

ಅಧಿಕಾರಿ ಕಟ್ಟಡವನ್ನು ನಾಲ್ಕೂ ಕಡೆ ಸುತ್ತುತ್ತಿರಬೇಕು. ಬಾಗಿಲ ಸಂದಿಯಲ್ಲಿ ಹೊಗೆ ಉಸಿರಾಡಿದಂತೆ ಹೊರಬಂದು ಒಳಗೆಳೆದುಕೊಳ್ಳುತ್ತಿದ್ದರೆ, ಕಿಟಕಿ ಗಾಜು ಒಳಗಿನಿಂದ ಕಪ್ಪಾಗಿ ಬಿಸಿಯಾಗಿದ್ದರೆ, ಆ ಬಾಗಿಲು ತೆಗೆದವನ ಮುಖಕ್ಕೇ ಬೆಂಕಿ ಸಿಡಿಯುತ್ತದೆ. ಶೀಟಿನ ಗೋದಾಮಿನ ಕಬ್ಬಿಣದ ಟ್ರಸ್ಸು, ಅಂದರೆ ಚಾವಣಿ ಹೊರುವ ಚೌಕಟ್ಟು, 550 ಡಿಗ್ರಿ ಆಸುಪಾಸಿನಲ್ಲಿ ಅರ್ಧ ಬಲ ಕಳೆದುಕೊಳ್ಳುತ್ತದೆ. ಅದು ಬಾಗುತ್ತಿರುವುದು ಕೆಳಗೆ ಹೊಗೆಯಲ್ಲಿ ತೆವಳುವವನಿಗೆ ಕಾಣುತ್ತದೆಯೇ? ಇನ್ನೊಂದು ಕಡೆಯಿಂದ ಉತ್ಸಾಹಿಗಳು ಕಿಟಕಿ ಒಡೆದು ನೀರು ಬಿಟ್ಟರೆ ಶಾಖ, ಹಬೆ ಎರಡೂ ಒಳಗಿನವರ ಮೇಲೇ ಬೀಳುತ್ತವೆ. ಆ ಕೈ ತಡೆಯುವವನು ಹೊರಗೇ ಇರಬೇಕು ತಾನೇ.

ಧೈರ್ಯದ ಮಾತಿಗೆ ಬರೋಣ. ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುತ್ತೇವೆ. 1944ರ ಆ ದಿನ ಬೊಂಬಾಯಿ ಬಂದರಿನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ಸ್ಫೋಟಿಸಿ 66 ಅಗ್ನಿಶಾಮಕರು ಸತ್ತರು. ಹಡಗಿನಲ್ಲಿ ಹತ್ತಿ ಮೂಟೆಗಳ ಜೊತೆ ಸುಮಾರು 1,400 ಟನ್ ಸ್ಫೋಟಕವಿತ್ತು. ಅವರಿಗೆ ಧೈರ್ಯ ಸಾಲಲಿಲ್ಲವೇ? ಹಡಗನ್ನು ಮುಳುಗಿಸಬೇಕೋ ಹೊರಗೆಳೆಯಬೇಕೋ ಎಂಬ ತೀರ್ಮಾನ ಹೊತ್ತಿಗೆ ಸರಿಯಾಗಿ ಯಾರ ಬಾಯಿಂದಲೂ ಬರಲಿಲ್ಲ. ನೀರು ಹೊಡೆಯುವವರು ಹೊಡೆಯುತ್ತಲೇ ಇದ್ದರು. ನಿಮ್ಮ ಗೋದಾಮಿನ ಮಾಲೀಕರು ಒಳಗೆ ಏನೇನಿದೆ ಎಂದು ಮೊದಲೇ ಬಾಯಿ ಬಿಟ್ಟಿದ್ದರೇ? ಮುಂದಿನ ಪತ್ರದಲ್ಲಿ ಅದನ್ನು ಬರೆಯಿರಿ.

ಪ್ರಶ್ನೆ: ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಹೊಗೆಯೊಳಗೆ ಹೋಗಿ ಜನರನ್ನು ಎಳೆದು ತರಬಹುದೇ?

ಇಲ್ಲ. ಬಟ್ಟೆ ಮಸಿ ತಡೆದೀತು, ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ಹೊರಬರುವಾಗ ಬೇಕಾದರೆ ಕಟ್ಟಿಕೊಳ್ಳಿ.

ಪ್ರಶ್ನೆ: ಕಳ್ಳರ ಕಾಟಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ತುರ್ತು ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಕಾವಲುಗಾರನಿಗೆ ಕೊಟ್ಟಿದ್ದೇವೆ. ನಡೆಯುತ್ತದೆಯೇ?

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು 9 ಜನ ಸತ್ತರು, ಕೆಲವರು ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದರು. ಅಲ್ಲೂ ಬಾಗಿಲಿಗೆ ಬೀಗವಿತ್ತು. ಇವತ್ತೇ ತೆಗೆಸಿ. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಪ್ಯಾನಿಕ್ ಬಾರ್ ಹಾಕಿಸಿ.

ಪ್ರಶ್ನೆ: ಬೆಂಕಿಗೆ ಎಸೆದರೆ ತಾನೇ ಸಿಡಿದು ಆರಿಸುವ ಚೆಂಡು ಮಾರುತ್ತಿದ್ದಾರೆ. ಠಾಣೆಯೇ ಬೇಡವಂತೆ!

ಮಾರುವವರ ಅಂಗಡಿಗೆ ಬೆಂಕಿ ಬಿದ್ದರೂ 101ಕ್ಕೋ 112ಕ್ಕೋ ಫೋನು ಬರುತ್ತದೆ.