ಚಹಾ ಅಗ್ಗವಾಗಿದ್ದರೂ ಬೋಸ್ಟನ್ ಜನ ಅದನ್ನು ಸಮುದ್ರಕ್ಕೆ ಸುರಿದದ್ದೇಕೆ?

ಬೋಸ್ಟನ್ ಆಗ ಅಮೆರಿಕದ ಬ್ರಿಟಿಷ್ ವಸಾಹತೊಂದರ ಬಂದರು ಊರು. ಆ ಅಗ್ಗದ ಬೆಲೆಯೊಳಗೇ ಪೌಂಡ್ ತೂಕಕ್ಕೆ 3 ಪೆನ್ಸ್ ತೆರಿಗೆ ಸೇರಿಕೊಂಡಿತ್ತು. ಅದನ್ನು ಕೊಟ್ಟರೆ, ತಮ್ಮ ಒಬ್ಬ ಪ್ರತಿನಿಧಿಯೂ ಇಲ್ಲದ ಬ್ರಿಟಿಷ್ ಸಂಸತ್ತಿಗೆ ತಮ್ಮ ಮೇಲೆ ತೆರಿಗೆ ಹಾಕುವ ಹಕ್ಕಿದೆಯೆಂದು ಒಪ್ಪಿಕೊಂಡಂತೆ ಆಗುತ್ತಿತ್ತು.

1767ರಲ್ಲಿ ಗಾಜು, ಕಾಗದ, ಬಣ್ಣ, ಚಹಾಗಳ ಮೇಲೆ ಸುಂಕ ಬಿತ್ತು. ಪ್ರತಿಭಟನೆ ಜೋರಾದಾಗ, 1770ರಲ್ಲಿ ಉಳಿದದ್ದನ್ನೆಲ್ಲ ತೆಗೆದು ಚಹಾದ್ದನ್ನು ಮಾತ್ರ ಬಿಟ್ಟರು. ಹಕ್ಕು ನಮ್ಮದೇ ಎಂದು ತೋರಿಸಲೆಂದೇ ಅದನ್ನು ಉಳಿಸಿಕೊಂಡದ್ದು. ಆ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿ ಸಾಲದಲ್ಲಿ ಮುಳುಗಿತ್ತು (ಹೈದರಾಲಿಯೊಂದಿಗಿನ ಯುದ್ಧದ ಖರ್ಚೂ ಅದರ ಹೆಗಲ ಮೇಲಿತ್ತು), ಲಂಡನ್ನಿನ ಗೋದಾಮುಗಳಲ್ಲಿ ಚಹಾ ರಾಶಿ ಬಿದ್ದಿತ್ತು. 1773ರ ಬ್ರಿಟಿಷ್ ಕಾನೂನು ಆ ಚಹಾವನ್ನು ಕಂಪನಿಯು ತನ್ನದೇ ಏಜೆಂಟರ ಮೂಲಕ ಅಮೆರಿಕದಲ್ಲಿ ಮಾರಲು ಬಿಟ್ಟಿತು. ಬೆಲೆ ಇಳಿಯಿತು, ಆದರೆ ಸ್ಥಳೀಯ ವರ್ತಕರ ಹೊಟ್ಟೆಯ ಮೇಲೆ ಹೊಡೆತ ಬಿತ್ತು.

ಕೊಳ್ಳದೆ ಸುಮ್ಮನಿದ್ದರೆ ಸಾಲದಿತ್ತೇ? ಸಾಲದು. ಹಡಗು ಬಂದ 20 ದಿನಗಳೊಳಗೆ ಸುಂಕ ಕಟ್ಟದಿದ್ದರೆ ಅಧಿಕಾರಿಗಳು ಸರಕನ್ನು ಜಪ್ತಿ ಮಾಡಬಹುದಿತ್ತು, ಆಮೇಲೆ ಅದು ಮಾರುಕಟ್ಟೆಗೆ ಬರುತ್ತಿತ್ತು. ಫಿಲಡೆಲ್ಫಿಯಾದಲ್ಲಿ ಚಹಾದ ಹಡಗನ್ನು ವಾಪಸ್ ಕಳಿಸಿದರು. ಬೋಸ್ಟನ್ನಿನಲ್ಲಿ ಗವರ್ನರ್ ಹಚಿನ್ಸನ್, ಸುಂಕ ಕಟ್ಟದೆ ಹಡಗುಗಳು ಹೊರಡಕೂಡದು ಎಂದು ಪಟ್ಟು ಹಿಡಿದರು. ನನ್ನ ದೃಷ್ಟಿಯಲ್ಲಿ ಎಲ್ಲವೂ ನಿಂತದ್ದು ಈ ಪಟ್ಟಿನ ಮೇಲೆ. ಗಡುವಿನ ಹಿಂದಿನ ರಾತ್ರಿ, 1773ರ ಡಿಸೆಂಬರ್ 16ರಂದು, ಜನ ಮೂರು ಹಡಗು ಹತ್ತಿ 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದರು.

ಬ್ರಿಟನ್ 1774ರಲ್ಲಿ ಬೋಸ್ಟನ್ ಬಂದರನ್ನೇ ಮುಚ್ಚಿತು. ಅದೇ ಸೆಪ್ಟೆಂಬರಿನಲ್ಲಿ 12 ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಒಟ್ಟಿಗೆ ಕುಳಿತರು.