ಪುಣೆಗೆ ಹೊಸದಾಗಿ ಬರುವ ಗಂಡ ಹೆಂಡತಿಗೆ ಒಂದೇ ಗಾಡಿ: ಸ್ಕೂಟರಾ, ಬೈಕಾ?

ನೀವು ಕೇಳಿದ್ದು ಇಷ್ಟು. ಹಾವೇರಿಯಿಂದ ಇಬ್ಬರೂ ಪುಣೆಗೆ ಬರುತ್ತಿದ್ದೀರಿ. ನಿಮ್ಮ ಕೆಲಸ ಹಿಂಜವಡಿಯಲ್ಲಿ, ಬಾಡಿಗೆ ಮನೆ ವಾಕಡ್‌ನಲ್ಲಿ. ಸದ್ಯಕ್ಕೆ ಒಂದೇ ಗಾಡಿ ತಗೊಳ್ಳಲು ಆಗುತ್ತದೆ. ನಿಮ್ಮ ಮನೆಯವರಿಗೆ ಸ್ಕೂಟಿ ಹೊಡೆಯಲು ಬರುತ್ತದೆ, ಬೈಕ್ ಬರುವುದಿಲ್ಲ. ನಿಮ್ಮ ಮನಸ್ಸು ಮಾತ್ರ ಬೈಕಿನ ಮೇಲೆ. ಊರಿಗೂ ಅದರಲ್ಲೇ ಹೋಗಿಬರಬಹುದು ಅನ್ನೋ ಆಸೆ. ಅದೂ ಬೇಡವೆಂದರೆ ಅಪ್ಪನ ಹಳೇ ಸ್ಪ್ಲೆಂಡರ್ ತಂದುಬಿಡಲಾ ಅಂತಲೂ ಕೇಳಿದ್ದೀರಿ.

ಸ್ಕೂಟರ್ ತಗೊಳ್ಳಿ. ನಾನು ಧಾರವಾಡದ ಕಡೆಯವನು, ಕರ್ವೆನಗರದಲ್ಲಿದ್ದೇನೆ, ಹಿಂಜವಡಿಗೆ ವರ್ಷಗಟ್ಟಲೆ ಓಡಾಡಿದ್ದೇನೆ. ಮನೆಯಲ್ಲಿ ಸ್ಕೂಟರೂ ಇದೆ, ಬೈಕೂ ಇದೆ. ಬೈಕ್ ಅಂದರೆ ನನಗೂ ಪ್ರೀತಿಯೇ. ಆದರೂ ಒಂದೇ ಗಾಡಿ, ಇಬ್ಬರು ಹೊಡೆಯುವವರು, ಅದೂ ಪುಣೆಯಲ್ಲಿ ಅಂದಾಗ ನನಗೆ ಎರಡನೇ ಯೋಚನೆ ಬರುವುದಿಲ್ಲ.

ಮೊದಲು ದಿನಾ ಓಡಾಡುವ ದಾರಿ ನೋಡಿ. ವಾಕಡ್‌ನಿಂದ ಹಿಂಜವಡಿ ಮ್ಯಾಪಿನಲ್ಲಿ ತೀರಾ ಹತ್ತಿರ. ಬೆಳಿಗ್ಗೆ ಒಂಬತ್ತಕ್ಕೆ ಭೂಮ್ಕರ್ ಚೌಕಕ್ಕೆ ಬಂದು ನಿಂತಾಗ ನಿಜವಾದ ದೂರ ಗೊತ್ತಾಗುತ್ತದೆ. ಹೈವೇ ಕೆಳಗಿನ ಅಂಡರ್‌ಪಾಸಿಗೆ ಎಲ್ಲ ಕಡೆಯಿಂದ ಗಾಡಿಗಳು ನುಗ್ಗುತ್ತವೆ. ಮುಂದಿನ ಕಂಪನಿ ಬಸ್ಸು ಎರಡು ಮಾರು ಸರಿಯುತ್ತದೆ. ನೀವೂ ಎರಡು ಮಾರು ಸರಿದು ಮತ್ತೆ ನಿಲ್ಲುತ್ತೀರಿ. ಬೈಕಿನಲ್ಲಾದರೆ ಪ್ರತಿಸಲ ಕ್ಲಚ್ ಹಿಡಿಯಬೇಕು, ಫಸ್ಟ್ ಗೇರ್ ಹಾಕಬೇಕು, ಅರ್ಧ ಬಿಡಬೇಕು, ಮತ್ತೆ ಹಿಡಿಯಬೇಕು. ಶಿವಾಜಿ ಚೌಕ ಮುಟ್ಟುವಷ್ಟರಲ್ಲಿ ಎಡಗೈ ಹೆಬ್ಬೆರಳಿನ ಬುಡ ಸೆಳೆಯಲು ಶುರುವಾಗುತ್ತದೆ. ಸಂಜೆ ಇದೇ ದಾರಿ, ಇನ್ನೂ ಜಾಸ್ತಿ ಹೊತ್ತು. ಸ್ಕೂಟರಿನಲ್ಲಿ ಆಕ್ಸಿಲರೇಟರ್ ತಿರುವಿ ಬ್ರೇಕ್ ಹಿಡಿದರೆ ಆಯಿತು. ಕೇಳಲು ಸಣ್ಣ ವಿಷಯ ಅನಿಸಬಹುದು. ಆದರೆ ಮನೆಗೆ ಬಂದಮೇಲೆ ಯಾರ ಜೊತೆಗಾದರೂ ಮಾತಾಡುವಷ್ಟು ಉಸಿರು ಉಳಿಯುವುದೋ ಇಲ್ಲವೋ ಅನ್ನುವುದು ಇದರ ಮೇಲೇ ನಿಂತಿರುತ್ತದೆ.

ಎರಡನೆಯದು ನಿಮ್ಮ ಮನೆಯವರ ವಿಷಯ. ನನ್ನ ಪ್ರಕಾರ ಇದೇ ದೊಡ್ಡದು. ಹೊಸ ಊರು, ಮರಾಠಿ ಇನ್ನೂ ಬಾಯಿಗೆ ಹತ್ತಿರುವುದಿಲ್ಲ, ನೀವು ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಅವರಿಗೆ ತಾವೇ ಗಾಡಿ ತೆಗೆದು ತರಕಾರಿ ಮಾರ್ಕೆಟ್ಟಿಗೆ, ಬ್ಯಾಂಕಿಗೆ, ಗೆಳತಿಯರ ಮನೆಗೆ ಹೋಗಲು ಆಗಬೇಕು, ಅಲ್ವಾ? ನನ್ನ ಹೆಂಡತಿ ಈ ಊರಿನ ಗಲ್ಲಿಗಳನ್ನು ಕಲಿತದ್ದು ಸ್ಕೂಟರ್ ಮೇಲೆ. ಗಣೇಶನಗರದಲ್ಲಿ ಪುಣೆ ಕನ್ನಡ ಸಂಘದ ಶಾಲೆ ಇದೆ. ಅಲ್ಲಿಗೆ ಮಗಳನ್ನು ಬಿಟ್ಟುಬರುವ ನೆಪದಲ್ಲಿ ಅವಳಿಗೆ ಕನ್ನಡದವರ ಒಂದು ಬಳಗವೇ ಸಿಕ್ಕಿತು. ಮನೆಯಲ್ಲಿ ಬರೀ ಬೈಕ್ ಇದ್ದಿದ್ದರೆ ನಾನು ಬರುವವರೆಗೆ ಕಾಯಬೇಕಿತ್ತು. ಹಾಗಾಗಿ ನೀವು ಬಸ್ಸಿಗೋ ಕಂಪನಿ ಕ್ಯಾಬಿಗೋ ಹೋಗುವ ದಿನ ಗಾಡಿ ಅವರ ಕೈಗೆ ಸಿಗುವಂತಿರಲಿ.

ಒಮ್ಮೆ ಅವರ ಲೈಸೆನ್ಸ್ ತೆಗೆದು ನೋಡಿ. ಎಂಸಿಡಬ್ಲ್ಯುಒಜಿ ಅಂತಿದ್ದರೆ ಗೇರ್ ಇಲ್ಲದ ಗಾಡಿ ಮಾತ್ರ ಹೊಡೆಯಬಹುದು. ಎಂಸಿಡಬ್ಲ್ಯುಜಿ ಇದ್ದವರು ಎರಡನ್ನೂ ಹೊಡೆಯಬಹುದು. ಕರ್ನಾಟಕದ ಲೈಸೆನ್ಸ್ ಇಲ್ಲಿಯೂ ನಡೆಯುತ್ತದೆ, ಅದರ ಚಿಂತೆ ಬೇಡ.

ಇನ್ನು ಸಾಮಾನಿನ ಮಾತು. ಊರಿನಿಂದ ಜೋಳದ ಚೀಲ, ಖಾರದಪುಡಿ, ಚಟ್ನಿಪುಡಿ ಬಸ್ಸಿಗೆ ಹಾಕಿ ಕಳಿಸುತ್ತಾರೆ. ನಿಮ್ಮ ಊರಿನವರೂ ಕಳಿಸುತ್ತಾರೆ, ನೋಡುತ್ತಿರಿ. ಹುಬ್ಬಳ್ಳಿ ಕಡೆಯ ಬಸ್ಸುಗಳು ನಸುಕಿನಲ್ಲಿ ಹೈವೇ ಪಕ್ಕ ನಿಲ್ಲುತ್ತವೆ. ಕ್ಲೀನರ್ ಡಿಕ್ಕಿ ತೆಗೆದು ಚೀಲ ಇಳಿಸಿ ಹೊರಟೇಬಿಡುತ್ತಾನೆ. ಸ್ಕೂಟರಿನಲ್ಲಿ ಆ ಚೀಲವನ್ನು ಕಾಲಿಡುವ ಜಾಗದಲ್ಲಿ ನಿಲ್ಲಿಸಿ, ಎರಡೂ ಮೊಣಕಾಲಿನಿಂದ ಒತ್ತಿ ಹಿಡಿದು, ಸಣ್ಣ ಗಂಟನ್ನು ಹುಕ್ಕಿಗೆ ಹಾಕಿಕೊಂಡು ಮನೆಗೆ ಬರಬಹುದು. ಬೈಕಿನಲ್ಲಾದರೆ ಹಿಂದೆ ಹಗ್ಗ ಕಟ್ಟಬೇಕು, ಇಲ್ಲವೇ ಇನ್ನೊಬ್ಬರನ್ನು ಕರೆದುಕೊಂಡು ಹೋಗಬೇಕು.

ಸ್ಕೂಟರಿನ ತೊಂದರೆಗಳನ್ನೂ ಹೇಳಲೇಬೇಕು. ಚಕ್ರ ಚಿಕ್ಕದು. ಸ್ಪ್ಲೆಂಡರಿಗೆ ಎರಡೂ 18 ಇಂಚಿನವು. ಸ್ಕೂಟರುಗಳಲ್ಲಿ ಹಿಂದಿನ ಚಕ್ರ ಎಷ್ಟೋ ಸಲ 10 ಇಂಚು ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ನೀರು ತುಂಬಿದ ಗುಂಡಿಗೆ ಆ ಚಕ್ರ ಇಳಿದರೆ ಸೊಂಟಕ್ಕೆ ನೇರ ಏಟು. ಅದಕ್ಕೇ ಹಿಂದೆ ಮುಂದೆ ಎರಡೂ 12 ಇಂಚು ಇರುವ ಗಾಡಿ ಆರಿಸಿ. ಟಿವಿಎಸ್ ಜುಪಿಟರ್‌ನಲ್ಲಿ ಹಾಗಿದೆ. ನೀರು ನಿಂತ ಕಡೆ ಸ್ಕೂಟರ್ ನುಗ್ಗಿಸಬೇಡಿ. ಇಂಜಿನ್‌ನಿಂದ ಹಿಂದಿನ ಚಕ್ರ ತಿರುಗಿಸುವ ಬೆಲ್ಟಿನ ಪೆಟ್ಟಿಗೆ ತೀರಾ ಕೆಳಗಿರುತ್ತದೆ, ಒಳಗೆ ನೀರು ಹೋದರೆ ಬೆಲ್ಟ್ ಜಾರುತ್ತದೆ, ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಆ ಬೆಲ್ಟಿನ ಬಗ್ಗೆ ಯಾರೂ ಹೇಳುವುದಿಲ್ಲ. ನಮ್ಮ ಗಲ್ಲಿಯ ಗ್ಯಾರೇಜಿನ ಕಾಕಾ ಒಮ್ಮೆ ಮುಚ್ಚಳ ಬಿಚ್ಚಿ ನನಗೆ ತೋರಿಸಿದರು. ಒಳಗೆಲ್ಲ ಕಪ್ಪು ಪುಡಿ. ಬೆಲ್ಟನ್ನು ಹಿಂದಕ್ಕೆ ಬಗ್ಗಿಸಿದರೆ ಹಲ್ಲುಗಳ ಸಂದಿಯಲ್ಲಿ ಸಣ್ಣ ಬಿರುಕುಗಳು. ಬೈಕಿನ ಚೈನ್ ಸಡಿಲವಾದರೆ ಸದ್ದು ಮಾಡಿ ತಿಳಿಸುತ್ತದೆ. ಬೆಲ್ಟ್ ಹೆಚ್ಚಾಗಿ ಸದ್ದಿಲ್ಲದೆ ಸವೆದು ಒಂದು ದಿನ ಹರಿದೇಬಿಡುತ್ತದೆ. ಸುಮಾರು 20-25 ಸಾವಿರ ಕಿಲೋಮೀಟರಿಗೆ ಬದಲಿಸಿಬಿಡಿ. ಇಲ್ಲಿ ಮೆಕ್ಯಾನಿಕ್ಕುಗಳಿಗೆ ಬರಗಾಲವಿಲ್ಲ. ಪುಣೆ ಸ್ಕೂಟರಿನ ತವರು. 1972ರಲ್ಲಿ ಬಜಾಜ್ ಚೇತಕ್ ಬಂದದ್ದು ಇಲ್ಲಿನ ಆಕುರ್ಡಿಯಿಂದ. ಪೆಟ್ರೋಲ್ ಚೇತಕ್ ನಿಂತುಹೋಗಿ ಎಷ್ಟೋ ಕಾಲವಾದ ಮೇಲೆ, 2020ರಲ್ಲಿ ಅದೇ ಹೆಸರಿನ ಎಲೆಕ್ಟ್ರಿಕ್ ಗಾಡಿ ಬಂತು. ಎಲೆಕ್ಟ್ರಿಕ್ ತಗೊಳ್ಳುವ ಯೋಚನೆ ಇದ್ದರೆ ಮುಂಗಡ ಕೊಡುವ ಮೊದಲೇ ಮನೆ ಮಾಲೀಕರನ್ನು ಕೇಳಿ, ಪಾರ್ಕಿಂಗ್‌ನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಲು ಬಿಡುತ್ತಾರಾ ಅಂತ.

ಊರಿಗೆ ಗಾಡಿಯಲ್ಲಿ ಹೋಗುವ ಆಸೆಯನ್ನು ದಯವಿಟ್ಟು ಬಿಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಪುಣೆಯಿಂದ ಹಾವೇರಿ ಸುಮಾರು 500 ಕಿಲೋಮೀಟರ್, ಪೂರ್ತಿ ಲಾರಿಗಳ ಹೈವೇ. ಹೋಗುವಾಗ ಖಂಬಾಟ್ಕಿ ಘಾಟ್ ದಾಟಬೇಕು. ಬರುವಾಗ ಕಾತ್ರಜ್‌ನ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಉದ್ದಕ್ಕೂ ಇಳಿಜಾರು. ಅಲ್ಲಿ ಬ್ರೇಕ್ ಹಿಡಿಯದ ಲಾರಿಗಳು ಮುಂದಿನ ಗಾಡಿಗಳಿಗೆ ಗುದ್ದಿದ ಸುದ್ದಿ ಇಲ್ಲಿನ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ದಿನವಿಡೀ ಓಡಿಸಿ ದಣಿದು, ಮನೆ ಬಂತು ಅನ್ನುವ ಹೊತ್ತಿಗೆ ಸಿಗುವ ಜಾಗ ಅದು. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಅಲ್ಲಿ ಇಳಿಯಬೇಡಿ, ಬೈಕಾದರೂ ಸರಿ, ಸ್ಕೂಟರಾದರೂ ಸರಿ. ರಾತ್ರಿ ಬಸ್ಸುಗಳಿವೆ, ಮೀರಜ್ ಮೇಲಿನ ರೈಲುಗಳಿವೆ. ಬೈಕ್ ಬೇಕು ಅನ್ನುವುದಕ್ಕೆ ನಿಮಗಿದ್ದ ದೊಡ್ಡ ಕಾರಣವೇ ಊರಿಗೆ ಹೋಗಿಬರುವುದು ತಾನೇ?

ಸಿಂಹಗಡ, ಲೋಣಾವಳಕ್ಕೆ ಸ್ಕೂಟರ್ ಸಾಕು. ಲೋಣಾವಳಕ್ಕೆ ಹಳೇ ಮುಂಬೈ ರಸ್ತೆಯಲ್ಲೇ ಹೋಗಿ, ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ಬಿಡುವುದಿಲ್ಲ. ಘಾಟ್ ಇಳಿಯುವಾಗ ಒಂದೇ ಸಮನೆ ಬ್ರೇಕ್ ಒತ್ತಿ ಹಿಡಿಯಬೇಡಿ. ಸ್ಕೂಟರಿನಲ್ಲಿ ಕೆಳಗಿನ ಗೇರಿಗೆ ಇಳಿಸಿ ಇಂಜಿನ್‌ನಿಂದ ತಡೆಯಲು ಬರುವುದಿಲ್ಲ, ಬ್ರೇಕ್ ಬೇಗ ಕಾಯುತ್ತದೆ. ನಡುವೆ ನಿಲ್ಲಿಸಿ, ಆರಲು ಬಿಡಿ. ಪೇಟೆ ಕಡೆ ಹೋದಾಗ ಪಿ1, ಪಿ2 ಬೋರ್ಡ್ ನೋಡಿ ನಿಲ್ಲಿಸಿ. ಒಂದು ಬದಿ ಬೆಸ ತಾರೀಖಿಗೆ, ಇನ್ನೊಂದು ಸಮ ತಾರೀಖಿಗೆ. ತಪ್ಪಿದರೆ ಗಾಡಿ ಎತ್ತಿಕೊಂಡು ಹೋಗುತ್ತಾರೆ.

ಕೊನೆಗೆ ಅಪ್ಪನ ಸ್ಪ್ಲೆಂಡರ್. ತರಬಹುದು, ರೈಲಿನ ಪಾರ್ಸೆಲ್‌ನಲ್ಲಿ ಬರುತ್ತದೆ. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಗೋಣಿ ಸುತ್ತಿಸಿ ಕಳಿಸಬೇಕು. ಆದರೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಹಾಕಿಸಬೇಕು ಅಂತ ಕಾನೂನಿದೆ. ಅದಕ್ಕೆ ಹಾವೇರಿ ಆರ್‌ಟಿಒದಿಂದ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ), ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ, ಇಲ್ಲಿ ಮತ್ತೆ ರಸ್ತೆ ತೆರಿಗೆ, ಊರಲ್ಲಿ ಕಟ್ಟಿದ್ದರಲ್ಲಿ ಉಳಿದದ್ದು ವಾಪಸ್ ಬರಲು ಇನ್ನೊಂದು ಅರ್ಜಿ. ಗಾಡಿಗೆ 15 ವರ್ಷ ಹತ್ತಿರವಾಗಿದ್ದರೆ ಆರ್‌ಸಿ ನವೀಕರಣ ಬೇರೆ. ಹಳೇ ಗಾಡಿಗೆ ಸುಮ್ನೆ ಇಷ್ಟೆಲ್ಲ ಬೇಡ. ಅಪ್ಪ ಅದರಲ್ಲೇ ಹೊಲಕ್ಕೆ, ಸಂತೆಗೆ ಹೋಗುತ್ತಿದ್ದರೆ ಅವರ ಹತ್ತಿರವೇ ಇರಲಿ.

ಹೊಸ ಸ್ಕೂಟರನ್ನು ಹಾವೇರಿಯಲ್ಲಿ ಕೊಂಡು ತರಬೇಡಿ, ಇಲ್ಲೇ ಕೊಳ್ಳಿ. ಮೊದಲು ಬಾಡಿಗೆ ಕರಾರನ್ನು ನೋಂದಣಿ ಮಾಡಿಸಿ. ಶೋರೂಮಿನವರು ವಿಳಾಸಕ್ಕೆ ಅದನ್ನೇ ಕೇಳುತ್ತಾರೆ. ವಾಕಡ್ ವಿಳಾಸಕ್ಕೆ ಎಂಎಚ್ 14 ನಂಬರ್ ಬರುತ್ತದೆ. ಬುಕ್ ಮಾಡುವ ಮುಂಚೆ ಮನೆಯವರನ್ನೂ ಕರೆದುಕೊಂಡು ಹೋಗಿ ಕೂರಿಸಿ ನೋಡಿ. ಸಿಗ್ನಲ್ಲಿನಲ್ಲಿ ನಿಲ್ಲಿಸಿದಾಗ ಅವರ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಂಥದ್ದನ್ನೇ ತಗೊಳ್ಳಿ.